ಒಂದರಂತೆ ತೋರುವ ಎರಡು ಪದಗಳು

ಹೈಸ್ಕೂಲಿನವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿ, ಅನಂತರ ಕಾಲೇಜಿನಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಓದಲು ತೊಡಗುವ ವಿದ್ಯಾರ್ಥಿಗಳಿಗೆ ದೊಡ್ಡ ದೊಡ್ಡ ಪಾರಿಭಾಷಿಕ ಪದಗಳೇ ಮುಖ್ಯ ತೊಡಕೆಂದು ಅನೇಕರು ಭಾವಿಸಿದ್ದಾರೆ. ನಾವು ತರಗತಿಯಲ್ಲಿ ಕಂಡಿರುವುದು ಹಾಗಲ್ಲ. 'ಎಲೆಕ್ಟ್ರೋಮ್ಯಾಗ್ನೆಟಿಸಂ' ಎಂಬ ಪದ ಉದ್ದವಾದುದು ನಿಜ. ಆದರೆ ಅದು ಮೋಸ ಮಾಡುವ ಪದವಲ್ಲ. ಅದರ ಅರ್ಥ ತಮಗೆ ಗೊತ್ತಿಲ್ಲವೆಂಬುದು ಓದುವವರಿಗೆ ಕೂಡಲೆ ಗೊತ್ತಾಗುತ್ತದೆ. ಅವರು ಯಾರನ್ನಾದರೂ ಕೇಳಿಯೋ ನಿಘಂಟನ್ನು ನೋಡಿಯೋ ತಿಳಿದುಕೊಳ್ಳುತ್ತಾರೆ. ಮೋಸ ಮಾಡುವುವು ಹೀಟ್, ಪವರ್, ವೇಟ್, ಮೆಲ್ಟ್ ಮೊದಲಾದ ಚಿಕ್ಕ ಪದಗಳು. ಇವು ನಮಗೆ ಗೊತ್ತೆಂದೇ ನಾವು ನಂಬಿರುತ್ತೇವೆ. ಪಕ್ಕದಲ್ಲಿ ಇವುಗಳಂತೆಯೇ ತೋರುವ ಇನ್ನೊಂದು ಪದ ಬಂದು ನಿಂತಾಗ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುತ್ತೇವೆ. ವಾಕ್ಯ ವ್ಯಾಕರಣಶುದ್ಧವಾಗಿಯೇ ಇರುತ್ತದೆ, ಆದರೆ ಅದು ಹೇಳುವ ಸಂಗತಿ ಸುಳ್ಳಾಗಿರುತ್ತದೆ.

ಇದರ ಪರಿಣಾಮ ಕೆಲವು ಅಂಕಗಳನ್ನು ಕಳೆದುಕೊಳ್ಳುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪದದ ಗೊಂದಲವನ್ನು ವಿಷಯದ ಕಷ್ಟವೆಂದು ತಿಳಿದು, 'ಭೌತಶಾಸ್ತ್ರ ನಮ್ಮ ತಲೆಗೆ ಹತ್ತುವುದಲ್ಲ' ಎಂದು ಕೈಚೆಲ್ಲುವ ಬುದ್ಧಿವಂತ ವಿದ್ಯಾರ್ಥಿಗಳು ಎಷ್ಟೋ ಮಂದಿ ಇದ್ದಾರೆ. ಆದ್ದರಿಂದ ಇಂತಹ ಜೋಡಿಪದಗಳು ಏಕೆ ಬೆರೆತುಹೋಗುತ್ತವೆ, ಅವನ್ನು ಬೇರ್ಪಡಿಸುವ ಬಗೆ ಯಾವುದು ಎಂಬುದನ್ನು ವಿಚಾರಮಾಡೋಣ.

ಕಿವಿಗೆ ಒಂದು, ಕಣ್ಣಿಗೆ ಎರಡು

ಗೊಂದಲಗೊಳಿಸುವ ಪದಗಳಲ್ಲಿ ಎರಡು ಬಗೆಯುಂಟು: ಧ್ವನಿಯಲ್ಲಿ ಹೋಲುವುವು ಒಂದು ಬಗೆ, ಅರ್ಥದಲ್ಲಿ ಹೋಲುವುವು ಇನ್ನೊಂದು ಬಗೆ. ಮೊದಲನೆಯ ಬಗೆ ಸುಲಭವಾದುದು; ಅದನ್ನು ಮೊದಲು ಮುಗಿಸಿಬಿಡೋಣ.

ಮಸೂರದ ಪಾಠದಲ್ಲಿ 'ಪ್ರಿನ್ಸಿಪಲ್ ಆಕ್ಸಿಸ್' ಎಂದು ಬರುತ್ತದೆ; ದ್ರವಗಳ ಪಾಠದಲ್ಲಿ 'ಆರ್ಕಿಮಿಡೀಸನ ಪ್ರಿನ್ಸಿಪಲ್' ಎಂದು ಬರುತ್ತದೆ. ಕನ್ನಡ ಲಿಪಿಯಲ್ಲಿ ಬರೆದಾಗ ಎರಡಕ್ಕೂ ಭೇದವೇ ಇಲ್ಲ, ಏಕೆಂದರೆ ನಮ್ಮ ಲಿಪಿ ಧ್ವನಿಯನ್ನು ಅನುಸರಿಸುವುದು. ಧ್ವನಿಯಲ್ಲಿ ಇವೆರಡೂ ಒಂದೇ. ಇಂಗ್ಲಿಷಿನ ಬರವಣಿಗೆಯಲ್ಲಿ ಮಾತ್ರ ಮೊದಲನೆಯದು 'ಪಿ-ಎ-ಎಲ್' ಎಂಬ ಅಕ್ಷರಗಳಿಂದಲೂ ಎರಡನೆಯದು 'ಪಿ-ಎಲ್-ಇ' ಎಂಬ ಅಕ್ಷರಗಳಿಂದಲೂ ಕೊನೆಗೊಳ್ಳುತ್ತವೆ. ಮೊದಲನೆಯದಕ್ಕೆ 'ಪ್ರಧಾನವಾದ' ಎಂದು ಅರ್ಥ. ಕಾಲೇಜಿನ ಪ್ರಿನ್ಸಿಪಾಲರೂ ಅದೇ ಪದದವರೇ. ಎರಡನೆಯದಕ್ಕೆ 'ತತ್ತ್ವ' ಎಂದು ಅರ್ಥ. ಎರಡರ ಮೂಲವೂ ಲ್ಯಾಟಿನ್ ಭಾಷೆಯಲ್ಲಿ 'ಮೊದಲನೆಯದು' ಎಂಬ ಅರ್ಥದ ಒಂದೇ ಪದಕುಲ. ಒಂದೇ ಮನೆಯಿಂದ ಹೊರಟ ಪದಗಳಾದ್ದರಿಂದಲೇ ಇಷ್ಟು ಹೋಲಿಕೆ.

'ಅಫೆಕ್ಟ್' ಮತ್ತು 'ಎಫೆಕ್ಟ್' ಇನ್ನೊಂದು ಜೋಡಿ. ಮೊದಲನೆಯದು ಸಾಮಾನ್ಯವಾಗಿ ಕ್ರಿಯಾಪದ: ಉಷ್ಣತೆಯು ತಂತಿಯ ವಿದ್ಯುತ್ ರೋಧವನ್ನು 'ಅಫೆಕ್ಟ್' ಮಾಡುತ್ತದೆ, ಎಂದರೆ ಅದರ ಮೇಲೆ ಪ್ರಭಾವ ಬೀರುತ್ತದೆ. ಎರಡನೆಯದು ಸಾಮಾನ್ಯವಾಗಿ ನಾಮಪದ: ಪರಿಣಾಮ. ೧೯೨೮ರಲ್ಲಿ ಸರ್ ಸಿ. ವಿ. ರಾಮನ್ ಅವರು ಕಂಡುಹಿಡಿದದ್ದು 'ರಾಮನ್ ಎಫೆಕ್ಟ್'. ಈ ಹೆಸರನ್ನು ನೆನಪಿನಲ್ಲಿಟ್ಟುಕೊಂಡವರಿಗೆ ಯಾವುದು ನಾಮಪದವೆಂಬ ಸಂದೇಹ ಬರಲಾರದು. 'ಎಫೆಕ್ಟ್' ಎಂಬುದು ಕೆಲವೊಮ್ಮೆ 'ಉಂಟುಮಾಡು' ಎಂಬ ಅರ್ಥದ ಕ್ರಿಯಾಪದವೂ ಆಗುವುದುಂಟು. ಆದರೆ ಅದು ವಿರಳ.

'ಡಿಸ್ಕ್ರೀಟ್' ಎಂಬ ಉಚ್ಚಾರದ ಪದಗಳೂ ಎರಡಿವೆ. ಒಂದಕ್ಕೆ 'ಬಿಡಿಬಿಡಿಯಾದ' ಎಂದು ಅರ್ಥ. ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಶಕ್ತಿಮಟ್ಟಗಳು ಇಂತಹವು. ಇನ್ನೊಂದಕ್ಕೆ 'ಎಚ್ಚರದಿಂದ ನಡೆದುಕೊಳ್ಳುವ, ಗುಟ್ಟು ಬಿಡದ' ಎಂದು ಅರ್ಥ. ಮೊದಲನೆಯದರ ಕೊನೆಯಲ್ಲಿ ಎರಡು 'ಇ' ಅಕ್ಷರಗಳ ನಡುವೆ 'ಟಿ' ನಿಂತು ಅವನ್ನು ಬಿಡಿಸಿದೆ; ಎರಡನೆಯದರಲ್ಲಿ 'ಇ'ಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿ ಎಂಬ ಅರ್ಥದ ಪದದಲ್ಲಿ ಅಕ್ಷರಗಳೂ ಬಿಡಿ, ಎಂದಿಟ್ಟುಕೊಂಡರೆ ಸಾಕು.

ಈ ಬಗೆಯ ಪದಗಳಿಗೆ ಇಂತಹ ಸಣ್ಣ ಉಪಾಯಗಳೇ ಸಾಕು. ಅರ್ಥದಲ್ಲಿ ಹೋಲುವ ಪದಗಳ ವಿಚಾರ ಹಾಗಲ್ಲ.

ಕರಗುವುದು ಎರಡು ಬಗೆ

'ಸಕ್ಕರೆ ನೀರಿನಲ್ಲಿ ಕರಗುತ್ತದೆ.' 'ಬೆಣ್ಣೆ ಬಿಸಿಲಿನಲ್ಲಿ ಕರಗುತ್ತದೆ.' ಕನ್ನಡದಲ್ಲಿ ಎರಡು ವಾಕ್ಯಗಳೂ ಸರಿ; ಎರಡರಲ್ಲಿಯೂ ಕ್ರಿಯಾಪದ ಒಂದೇ. ಇಂಗ್ಲಿಷಿನಲ್ಲಾದರೋ ಸಕ್ಕರೆ 'ಡಿಸಾಲ್ವ್' ಆಗುತ್ತದೆ, ಬೆಣ್ಣೆ 'ಮೆಲ್ಟ್' ಆಗುತ್ತದೆ. 'ಉಪ್ಪು ನೀರಿನಲ್ಲಿ ಮೆಲ್ಟ್ ಆಗುತ್ತದೆ' ಎಂದು ಬರೆದ ವಿದ್ಯಾರ್ಥಿಯು, ಕನ್ನಡದ 'ಕರಗು' ಎಂಬುದಕ್ಕೆ ತನಗೆ ಮೊದಲು ನೆನಪಾದ ಇಂಗ್ಲಿಷ್ ಪದವನ್ನು ಇಟ್ಟಿದ್ದಾನೆ, ಅಷ್ಟೆ. ಆದರೆ ಆ ವಾಕ್ಯ ಹೇಳುವುದೇನು? ಅಡುಗೆಯ ಉಪ್ಪು ಮೆಲ್ಟ್ ಆಗಬೇಕಾದರೆ ಅದನ್ನು ೮೦೧ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಸಾರಿನ ಪಾತ್ರೆಯಲ್ಲಿ ಅಷ್ಟು ಉಷ್ಣತೆ ಎಲ್ಲಿಂದ ಬರಬೇಕು?

ಈ ಎರಡು ಪದಗಳ ಭೇದವನ್ನು ತಿಳಿಯಲು ಪ್ರತಿಯೊಂದನ್ನೂ ಒಂದು ಪ್ರಶ್ನೆ ಕೇಳಬೇಕು. ಮೆಲ್ಟ್ ಆಗಲು ಏನು ಬೇಕು? ಉಷ್ಣ ಬೇಕು, ಬೇರೆ ವಸ್ತುವಿನ ಅಗತ್ಯವಿಲ್ಲ. ಘನವು ತಾನೊಂದೇ ದ್ರವವಾಗುತ್ತದೆ. ಡಿಸಾಲ್ವ್ ಆಗಲು ಏನು ಬೇಕು? ಇನ್ನೊಂದು ವಸ್ತು ಬೇಕು. ಅದು ನೀರಾಗಬಹುದು, ಆಲ್ಕೊಹಾಲ್ ಆಗಬಹುದು. ಉಪ್ಪಿನ ಕಣಗಳು ನೀರಿನ ಅಣುಗಳ ನಡುವೆ ಹಂಚಿಹೋಗುತ್ತವೆ. ವಿರುದ್ಧಪದಗಳನ್ನು ಕೇಳಿದರೂ ಭೇದ ತಾನಾಗಿ ಹೊರಬೀಳುತ್ತದೆ. ಮೆಲ್ಟ್ ಆದದ್ದು ತಣಿದರೆ ಹೆಪ್ಪುಗಟ್ಟುತ್ತದೆ. ಡಿಸಾಲ್ವ್ ಆದದ್ದು, ನೀರು ಆರಿಹೋದಂತೆ, ಹರಳಾಗಿ ಕೆಳಗುಳಿಯುತ್ತದೆ. ತುಪ್ಪ ಗಟ್ಟಿಯಾಗುವುದು ಒಂದು, ಸಮುದ್ರದ ನೀರಿನಿಂದ ಉಪ್ಪು ತೆಗೆಯುವುದು ಇನ್ನೊಂದು.

ಇಷ್ಟರಿಂದ ಕನ್ನಡ ಬಡಭಾಷೆಯೆಂದು ಯಾರೂ ತಿಳಿಯಬಾರದು. ಇಂಗ್ಲಿಷಿನಲ್ಲಿ ನೀರೂ 'ಬಾಯ್ಲ್' ಆಗುತ್ತದೆ, ಆಲೂಗಡ್ಡೆಯೂ 'ಬಾಯ್ಲ್' ಆಗುತ್ತದೆ. ಕನ್ನಡದಲ್ಲಿ ನೀರು ಕುದಿಯುತ್ತದೆ, ಆಲೂಗಡ್ಡೆ ಬೇಯುತ್ತದೆ. ಇಂಗ್ಲಿಷಿನ 'ರೈಸ್' ಎಂಬ ಒಂದೇ ಪದ ನಮ್ಮಲ್ಲಿ ಭತ್ತ, ಅಕ್ಕಿ, ಅನ್ನ ಎಂದು ಮೂರಾಗುತ್ತದೆ. ಪ್ರತಿಯೊಂದು ಭಾಷೆಯೂ ಜಗತ್ತನ್ನು ತನ್ನದೇ ರೀತಿಯಲ್ಲಿ ಹೋಳುಮಾಡಿ ಹೆಸರಿಟ್ಟಿದೆ. ಒಂದರ ಹೋಳುಗಳು ಇನ್ನೊಂದರ ಹೋಳುಗಳಿಗೆ ಸರಿಯಾಗಿ ಹೊಂದಬೇಕೆಂಬ ನಿಯಮವಿಲ್ಲ. ನಮ್ಮ ಒಂದು ಪದದ ಕ್ಷೇತ್ರದಲ್ಲಿ ಅವರ ಎರಡು ಪದಗಳು ಸೇರಿಕೊಂಡಿರುವ ಕಡೆಯಲ್ಲಿಯೇ ನಮಗೆ ಗೊಂದಲ. ಆದ್ದರಿಂದ ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದವೆಂದು ಪಟ್ಟಿಮಾಡಿ ಬಾಯಿಪಾಠ ಮಾಡುವುದು ಈ ರೋಗಕ್ಕೆ ಮದ್ದಲ್ಲ. ಬಹುಮಟ್ಟಿಗೆ ಅದೇ ರೋಗಕ್ಕೆ ಕಾರಣ.

ಹೀಟ್ ಮತ್ತು ಟೆಂಪರೇಚರ್

'ಬಿಸಿ' ಎಂಬ ನಮ್ಮ ಮಾತಿನಲ್ಲಿ ಇವೆರಡೂ ಅಡಗಿವೆ. ದೀಪಾವಳಿಯ ಸುರುಸುರುಬತ್ತಿಯ ಕಿಡಿಯೊಂದರ ಉಷ್ಣತೆ ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು. ಅದು ಕೈಗೆ ತಗುಲಿದರೆ ಚುರುಕೆನ್ನುವುದು, ಅಷ್ಟೆ. ಸ್ನಾನದ ಹಂಡೆಯ ನೀರಿನ ಉಷ್ಣತೆ ಎಪ್ಪತ್ತು ಡಿಗ್ರಿಯಿದ್ದರೂ ಅದು ಮೈಮೇಲೆ ಸುರಿದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಕಿಡಿಯ ಟೆಂಪರೇಚರ್ ಹೆಚ್ಚು, ಆದರೆ ಅದು ಕೊಡಬಲ್ಲ ಹೀಟ್ ಅತ್ಯಲ್ಪ. ಏಕೆಂದರೆ ಕಿಡಿಯಲ್ಲಿರುವ ವಸ್ತು ಅತ್ಯಲ್ಪ.

ಈ ಭೇದವನ್ನು ಸ್ಪಷ್ಟವಾಗಿ ಕಂಡವರಲ್ಲಿ ಮೊದಲಿಗನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ೧೭೬೦ರ ಆಸುಪಾಸಿನಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಆತನು, ಕರಗುತ್ತಿರುವ ಮಂಜುಗಡ್ಡೆಗೆ ಎಡೆಬಿಡದೆ ಉಷ್ಣವನ್ನು ಕೊಡುತ್ತಿದ್ದರೂ ಅದು ಪೂರ್ತಿಯಾಗಿ ಕರಗುವವರೆಗೆ ಉಷ್ಣತಾಮಾಪಕದ ಪಾದರಸ ಮೇಲೇರದೆಂಬುದನ್ನು ಗಮನಿಸಿದನು. ಒಂದು ಗ್ರಾಂ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯಲ್ಲಿಯೇ ನೀರಾಗಿಸಲು ೩೩೪ ಜೂಲ್ ಬೇಕು. ಅಷ್ಟೇ ಉಷ್ಣದಿಂದ ಆ ನೀರನ್ನು ಸುಮಾರು ೮೦ ಡಿಗ್ರಿಯವರೆಗೆ ಕಾಯಿಸಬಹುದು! ಹೀಟ್ ಒಳಗೆ ಹೋಗಿದೆ, ಟೆಂಪರೇಚರ್ ಕದಲಿಲ್ಲ. ಹಾಗಾದರೆ ಇವೆರಡೂ ಒಂದೇ ಆಗಿರಲಾರವು.

ಇಲ್ಲಿ ಬೇರ್ಪಡಿಸುವ ಸಾಧನ ಜೊತೆಗೆ ಬರುವ ಕ್ರಿಯಾಪದ. ಹೀಟ್ ಹರಿಯುತ್ತದೆ, ಹೀರಲ್ಪಡುತ್ತದೆ, ಹೊರಬೀಳುತ್ತದೆ. ಅದನ್ನು ಜೂಲ್‌ಗಳಲ್ಲಿ ಅಳೆಯುತ್ತೇವೆ. ಟೆಂಪರೇಚರ್ ಏರುತ್ತದೆ, ಇಳಿಯುತ್ತದೆ. ಅದನ್ನು ಡಿಗ್ರಿಗಳಲ್ಲಿಯೋ ಕೆಲ್ವಿನ್‌ಗಳಲ್ಲಿಯೋ ಅಳೆಯುತ್ತೇವೆ. ಟೆಂಪರೇಚರ್ 'ಹರಿಯಿತು' ಎಂದು ಯಾರೂ ಬರೆಯರು.

ಮಾಸ್ ಮತ್ತು ವೇಟ್

ಅಂಗಡಿಯವನು 'ತೂಕ ಎಷ್ಟು?' ಎಂದಾಗ ಕಿಲೋಗ್ರಾಮಿನಲ್ಲಿ ಉತ್ತರ ಕೊಡುತ್ತೇವೆ. ಭೌತಶಾಸ್ತ್ರದ ಅಧ್ಯಾಪಕರು 'ವೇಟ್ ಎಷ್ಟು?' ಎಂದಾಗ ನ್ಯೂಟನ್‌ನಲ್ಲಿ ಉತ್ತರ ಬಯಸುತ್ತಾರೆ. ವಿದ್ಯಾರ್ಥಿ ಕಕ್ಕಾಬಿಕ್ಕಿಯಾಗುವುದು ಸಹಜ. ಆದರೆ ಈ ಗೊಂದಲ ನಮ್ಮೊಬ್ಬರದೇ ಅಲ್ಲ. ಯುರೋಪಿನ ಭಾಷೆಗಳಲ್ಲಿಯೂ ಇದು ಎಷ್ಟು ಬೇರೂರಿತ್ತೆಂದರೆ, ೧೯೦೧ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು ಅದನ್ನು ನಿವಾರಿಸುವುದಕ್ಕಾಗಿಯೇ ಒಂದು ಘೋಷಣೆ ಮಾಡಬೇಕಾಯಿತು: ಕಿಲೋಗ್ರಾಂ ಎಂಬುದು ಮಾಸ್‌ನ ಮಾನ, ವೇಟ್ ಎಂಬುದು ಬಲದ ಜಾತಿಗೆ ಸೇರಿದ ಪರಿಮಾಣ.

ಮಾಸ್ ಎಂಬುದು 'ವಸ್ತು ಎಷ್ಟಿದೆ?' ಎಂಬ ಪ್ರಶ್ನೆಗೆ ಉತ್ತರ. ವೇಟ್ ಎಂಬುದು 'ಭೂಮಿ ಅದನ್ನು ಎಷ್ಟು ಬಲದಿಂದ ಎಳೆಯುತ್ತಿದೆ?' ಎಂಬ ಪ್ರಶ್ನೆಗೆ ಉತ್ತರ. ೬೦ ಕಿಲೋಗ್ರಾಂ ಮಾಸ್ ಉಳ್ಳ ವ್ಯಕ್ತಿಯ ವೇಟ್ ಭೂಮಿಯ ಮೇಲೆ ಸುಮಾರು ೫೮೮ ನ್ಯೂಟನ್. ಚಂದ್ರನ ಮೇಲೆ ಸುಮಾರು ೯೭ ನ್ಯೂಟನ್ ಮಾತ್ರ. ವ್ಯಕ್ತಿಯ ಮಾಸ್ ಅಲ್ಲಿಯೂ ೬೦ ಕಿಲೋಗ್ರಾಮೇ. ತಕ್ಕಡಿಯನ್ನು ಚಂದ್ರನಿಗೆ ಕೊಂಡೊಯ್ದರೆ ಅದು ಇಲ್ಲಿ ತೋರಿಸಿದ್ದನ್ನೇ ಅಲ್ಲಿಯೂ ತೋರಿಸುವುದು, ಏಕೆಂದರೆ ಎರಡು ತಟ್ಟೆಗಳ ಎಳೆತವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಸ್ಪ್ರಿಂಗ್ ತ್ರಾಸಿನ ಮುಳ್ಳಾದರೋ ಆರನೆಯ ಒಂದು ಭಾಗಕ್ಕೆ ಇಳಿಯುವುದು. ತಕ್ಕಡಿ ಹೋಲಿಸುವುದು ಮಾಸ್ ಅನ್ನು, ಸ್ಪ್ರಿಂಗ್ ಅಳೆಯುವುದು ವೇಟ್ ಅನ್ನು. ಎರಡು ಪದಗಳ ನಡುವಣ ಭೇದ ಇಲ್ಲಿ ಎರಡು ಉಪಕರಣಗಳ ಭೇದವಾಗಿ ಕಣ್ಣಿಗೆ ಕಾಣುತ್ತದೆ.

ಫೋರ್ಸ್, ಎನರ್ಜಿ, ಪವರ್

ಕನ್ನಡದ 'ಶಕ್ತಿ' ಈ ಮೂರನ್ನೂ ತನ್ನೊಳಗೆ ಇಟ್ಟುಕೊಂಡಿದೆ. ಪಠ್ಯಪುಸ್ತಕಗಳು ಫೋರ್ಸ್‌ಗೆ ಬಲ, ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ ಎಂದು ಹಂಚಿಕೊಟ್ಟಿವೆ. ಆದರೂ ಪಂಪ್‌ಸೆಟ್ಟಿನ ಪವರನ್ನು ನಾವು 'ಅಶ್ವಶಕ್ತಿ'ಯಲ್ಲಿಯೇ ಹೇಳುತ್ತೇವೆ! ಹಳೆಯ ಬಳಕೆಗೂ ಹೊಸ ಪರಿಭಾಷೆಗೂ ಹೀಗೆ ಜಗಳ ನಡೆದೇ ಇರುತ್ತದೆ.

ಬಾವಿಯಿಂದ ನೀರು ಸೇದುವುದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನೀರು ತುಂಬಿದ ಕೊಡ ೧೦ ಕಿಲೋಗ್ರಾಂ, ಬಾವಿಯ ಆಳ ೧೦ ಮೀಟರ್ ಎಂದಿಟ್ಟುಕೊಳ್ಳಿ. ರಾಟೆಯ ಘರ್ಷಣೆಯನ್ನೂ ಹಗ್ಗದ ಭಾರವನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ, ಹಗ್ಗವನ್ನು ಎಳೆಯುವ ಫೋರ್ಸ್ ೯೮ ನ್ಯೂಟನ್. ಕೊಡ ಮೇಲೆ ಬರುವುದರೊಳಗೆ ವ್ಯಯವಾದ ಎನರ್ಜಿ ೯೮೦ ಜೂಲ್. ಇಪ್ಪತ್ತು ಸೆಕೆಂಡಿನಲ್ಲಿ ಸೇದಿದವರ ಪವರ್ ೪೯ ವಾಟ್. ನಲವತ್ತು ಸೆಕೆಂಡು ತೆಗೆದುಕೊಂಡವರದು ಅದರ ಅರ್ಧ. ಇಬ್ಬರ ಎನರ್ಜಿಯೂ ಒಂದೇ, ಪವರ್ ಮಾತ್ರ ಬೇರೆ. 'ಎಷ್ಟು ಬಲವಾಗಿ?' ಎಂದರೆ ಫೋರ್ಸ್. 'ಒಟ್ಟು ಎಷ್ಟು ಕೆಲಸ?' ಎಂದರೆ ಎನರ್ಜಿ, 'ಎಷ್ಟು ಬೇಗ?' ಎಂದರೆ ಪವರ್. ಮನೆಗೆ ಬರುವ ವಿದ್ಯುತ್ ಬಿಲ್ಲಿನ 'ಯೂನಿಟ್' ಎಂಬುದು ಎನರ್ಜಿಯ ಲೆಕ್ಕ. ೧೦೦೦ ವಾಟಿನ ಹೀಟರ್ ಒಂದು ಗಂಟೆ ಉರಿದರೂ ಒಂದು ಯೂನಿಟ್, ೧೦೦ ವಾಟಿನ ದೀಪ ಹತ್ತು ಗಂಟೆ ಉರಿದರೂ ಒಂದು ಯೂನಿಟ್.

ಇದನ್ನು ಓದಿ, 'ಇಷ್ಟು ಸರಳವಾದ ಭೇದ ನಮಗೆ ತಿಳಿಯಲಿಲ್ಲವಲ್ಲ' ಎಂದು ನಾಚಬೇಕಾದುದಿಲ್ಲ. ಈ ಪದಗಳನ್ನು ತಾಯಿನುಡಿಯಲ್ಲಿಯೇ ಕಲಿತ ಮಹಾವಿಜ್ಞಾನಿಗಳಿಗೂ ಇವು ಬಹುಕಾಲ ಬೆರೆತೇ ಇದ್ದುವು. ಥಾಮಸ್ ಯಂಗ್ ೧೮೦೭ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ 'ಎನರ್ಜಿ' ಎಂಬ ಪದವನ್ನು ಶಾಸ್ತ್ರೀಯವಾಗಿ ಬಳಸಿದ್ದನು; ಆದರೂ ಅದು ಕೂಡಲೆ ನೆಲೆಗೊಳ್ಳಲಿಲ್ಲ. ೧೮೪೭ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಶಕ್ತಿಸಂರಕ್ಷಣೆಯನ್ನು ಕುರಿತು ತನ್ನ ಪ್ರಸಿದ್ಧ ಪ್ರಬಂಧವನ್ನು ಬರೆದಾಗ, ಅದರ ಹೆಸರಿನಲ್ಲಿ ಬಳಸಿದ್ದು 'ಬಲ' ಎಂಬ ಅರ್ಥದ 'ಕ್ರಾಫ್ಟ್' ಎಂಬ ಜರ್ಮನ್ ಪದವನ್ನು. ಇಂಗ್ಲೆಂಡಿನಲ್ಲಿ ೧೮೫೭ರಷ್ಟು ಈಚೆಗೂ ಮೈಕೆಲ್ ಫ್ಯಾರಡೆ ಉಪನ್ಯಾಸ ಮಾಡಿದ್ದು 'ಫೋರ್ಸ್‌'ನ ಸಂರಕ್ಷಣೆಯ ವಿಷಯವಾಗಿ. ಸ್ಕಾಟ್ಲೆಂಡಿನ ಎಂಜಿನಿಯರ್ ರಾಂಕಿನ್ ೧೮೫೩ರಲ್ಲಿ 'ಪೊಟೆನ್ಷಿಯಲ್ ಎನರ್ಜಿ' ಎಂಬ ಹೆಸರನ್ನು ಮುಂದಿಟ್ಟ ಮೇಲೆ, ಕ್ರಮಕ್ರಮವಾಗಿ ಇಂದಿನ ಬಳಕೆ ಸ್ಥಿರಪಟ್ಟಿತು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವು ಇಂಗ್ಲಿಷ್ ಭಾಷೆಯಲ್ಲಿ ತಾವಾಗಿ ಹುಟ್ಟಿಬಂದ ಭೇದಗಳಲ್ಲ; ಅಳತೆ ಸೂಕ್ಷ್ಮವಾದಂತೆಲ್ಲ ವಿಜ್ಞಾನವು ದಿನಬಳಕೆಯ ಪದಗಳ ಮೇಲೆ ಎಳೆದ ಗೆರೆಗಳು. ಆದ್ದರಿಂದ ಬೀದಿಯಲ್ಲಿ ಇಂಗ್ಲಿಷ್ ಮಾತಾಡಿ ಕಲಿತವರಿಗೂ ಇವು ಹೊಸವೇ. ಆ ಗೆರೆಗಳ ಮುಂದೆ ಇಂಗ್ಲಿಷ್ ಬಲ್ಲವರೂ ಕನ್ನಡದಿಂದ ಬಂದವರೂ ಸರಿಸಮಾನರು.

ವೇಷ ಮರೆಸಿದ ಪದ

ಇನ್ನೊಂದು ಜೋಡಿಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾಗುವುದು. ಅದರಲ್ಲಿ ಪ್ರಾಣದ ಪ್ರಶ್ನೆಯೇ ಇದೆ. ಪೆಟ್ರೋಲ್ ಟ್ಯಾಂಕರುಗಳ ಹಿಂಬದಿಯಲ್ಲಿ 'ಹೈಲಿ ಇನ್‌ಫ್ಲೇಮಬಲ್' ಎಂದು ದಪ್ಪಕ್ಷರಗಳಲ್ಲಿ ಬರೆದಿರುವುದನ್ನು ವಾಚಕರು ನೋಡಿರಬಹುದು. ಇಂಗ್ಲಿಷಿನಲ್ಲಿ 'ವಿಸಿಬಲ್' ಎಂದರೆ ಕಾಣುವ, 'ಇನ್‌ವಿಸಿಬಲ್' ಎಂದರೆ ಕಾಣದ. ಈ ನಿಯಮವನ್ನು ಕಲಿತ ವಿದ್ಯಾರ್ಥಿಯು 'ಫ್ಲೇಮಬಲ್' ಎಂದರೆ ಉರಿಯುವ, 'ಇನ್‌ಫ್ಲೇಮಬಲ್' ಎಂದರೆ ಉರಿಯದ ಎಂದು ಊಹಿಸಿದರೆ ತರ್ಕದಲ್ಲಿ ತಪ್ಪಿಲ್ಲ. ಆದರೆ ಎರಡರ ಅರ್ಥವೂ ಒಂದೇ: ಸುಲಭವಾಗಿ ಹೊತ್ತಿಕೊಳ್ಳುವ! ಇಲ್ಲಿರುವ 'ಇನ್' ಅಭಾವಸೂಚಕವಲ್ಲ. 'ಹೊತ್ತಿಸು' ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಲ್ಲಿಯೇ ಸೇರಿಕೊಂಡು ಬಂದ ಇನ್ನೊಂದು 'ಇನ್'. ಉರಿಯದ ವಸ್ತುವಿಗೆ 'ನಾನ್‌ಫ್ಲೇಮಬಲ್' ಎನ್ನಬೇಕು. ಊಹೆ ತಪ್ಪಿದವನು ಡಬ್ಬದ ಬಳಿ ಬೆಂಕಿಕಡ್ಡಿ ಗೀರಿದರೆ ನಿಘಂಟು ಬಂದು ಕಾಪಾಡುವುದಿಲ್ಲ. ಆದ್ದರಿಂದಲೇ ಇಂದಿನ ಎಚ್ಚರಿಕೆಯ ಚೀಟಿಗಳಲ್ಲಿ 'ಫ್ಲೇಮಬಲ್' ಎಂಬ ಪದಕ್ಕೆ ಆದ್ಯತೆ ಕೊಡುತ್ತಾರೆ. ಜೊತೆಗೆ ಜ್ವಾಲೆಯ ಚಿತ್ರವೂ ಇರುತ್ತದೆ. ಪ್ರಯೋಗಶಾಲೆಗೆ ಕಾಲಿಡುವ ಪ್ರತಿಯೊಬ್ಬರೂ ಇದೊಂದು ಜೋಡಿಯನ್ನಾದರೂ ಮೊದಲ ದಿನವೇ ಕಲಿಯತಕ್ಕದ್ದು.

ಬೇರ್ಪಡಿಸುವ ಕ್ರಮ

ಇಷ್ಟು ಉದಾಹರಣೆಗಳಿಂದ ಒಂದು ಕ್ರಮ ತಾನಾಗಿಯೇ ಮೂಡಿಬಂದಿದೆ. ಜೋಡಿಪದಗಳು ಎದುರಾದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಪದ ಯಾವ ಪ್ರಶ್ನೆಗೆ ಉತ್ತರ? ಇದರ ಜೊತೆಯಲ್ಲಿ ಬರುವ ಕ್ರಿಯಾಪದ ಯಾವುದು? ಇದರ ವಿರುದ್ಧಪದ ಯಾವುದು? ಇದನ್ನು ಅಳೆಯಬಹುದಾದರೆ ಯಾವ ಮಾನದಲ್ಲಿ, ಯಾವ ಉಪಕರಣದಿಂದ? ನಾಲ್ಕರಲ್ಲಿ ಒಂದಕ್ಕಾದರೂ ಎರಡು ಪದಗಳು ಬೇರೆ ಬೇರೆ ಉತ್ತರ ಕೊಟ್ಟರೆ ಅವು ಒಂದೇ ಅಲ್ಲವೆಂದು ಸಿದ್ಧವಾಯಿತು. ಆ ಉತ್ತರವೇ ಮುಂದೆ ಅವುಗಳ ಗುರುತು.

ಈ ಕ್ರಮವನ್ನು 'ಅಕ್ಯುರಸಿ' ಮತ್ತು 'ಪ್ರಿಸಿಷನ್' ಎಂಬ ಜೋಡಿಯ ಮೇಲೆ ಪರೀಕ್ಷಿಸೋಣ. ಗೋಡೆಯ ಗಡಿಯಾರವೊಂದು ಪ್ರತಿದಿನವೂ ಸರಿಯಾಗಿ ಐದು ನಿಮಿಷ ಮುಂದಿರುತ್ತದೆ. 'ನಿಜಕ್ಕೆ ಎಷ್ಟು ಹತ್ತಿರ?' ಎಂಬ ಪ್ರಶ್ನೆಗೆ ಅದರ ಉತ್ತರ ಕೆಟ್ಟದ್ದು, ಅಕ್ಯುರಸಿ ಇಲ್ಲ. 'ಮತ್ತೆ ಮತ್ತೆ ನೋಡಿದಾಗ ಎಷ್ಟು ಒಂದೇ ಸಮನಾಗಿದೆ?' ಎಂಬ ಪ್ರಶ್ನೆಗೆ ಉತ್ತರ ಬಹಳ ಚೆನ್ನ, ಪ್ರಿಸಿಷನ್ ಇದೆ. ಇಂತಹ ಗಡಿಯಾರವನ್ನು ಐದು ನಿಮಿಷ ಹಿಂದೆ ತಿರುಗಿಸಿದರೆ ಸರಿಹೋಗುತ್ತದೆ. ಒಂದು ದಿನ ಮುಂದೆ, ಒಂದು ದಿನ ಹಿಂದೆ ಓಡುವ ಗಡಿಯಾರಕ್ಕೆ ಅಷ್ಟು ಸುಲಭದ ಪರಿಹಾರವಿಲ್ಲ. ಪದಗಳನ್ನು ಬೇರ್ಪಡಿಸಿದಾಗ ದೋಷಗಳೂ ಬೇರೆಯಾಗಿ ಕಂಡುವು. ಯಾವುದಕ್ಕೆ ಯಾವ ಚಿಕಿತ್ಸೆ ಎಂಬುದೂ ತಿಳಿಯಿತು.

ಪದಗಳ ಭೇದವನ್ನು ಕಲಿಯುವುದು ಭಾಷೆಯ ಪಾಠವೇ ಹೊರತು ವಿಜ್ಞಾನದ ಪಾಠವಲ್ಲವೆಂದು ಹೇಳುವವರಿದ್ದಾರೆ. ಮೇಲಿನ ಉದಾಹರಣೆಗಳನ್ನು ನೋಡಿದವರು ಅದನ್ನು ಒಪ್ಪಲಾರರು. ಮೆಲ್ಟ್ ಮತ್ತು ಡಿಸಾಲ್ವ್ ಎಂಬ ಪದಗಳನ್ನು ಬೇರ್ಪಡಿಸಿದ ವಿದ್ಯಾರ್ಥಿಯು ಎರಡು ಇಂಗ್ಲಿಷ್ ಪದಗಳ ಜೊತೆಗೆ ವಸ್ತುವಿನ ಎರಡು ವರ್ತನೆಗಳನ್ನೂ ಕಲಿತಿರುತ್ತಾನೆ. ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ಇಂತಹ ಜೋಡಿಗಳನ್ನು ಎದುರುಬದುರಾಗಿ ಬರೆದು, ಪ್ರತಿಯೊಂದರ ಕೆಳಗೆ ನಾಲ್ಕು ಪ್ರಶ್ನೆಗಳ ಉತ್ತರವನ್ನು ಕನ್ನಡದಲ್ಲಿಯೇ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ವಾಚಕರು 'ಸ್ಟ್ರೆಸ್' ಮತ್ತು 'ಸ್ಟ್ರೇನ್' ಎಂಬ ಜೋಡಿಯಿಂದ ಪ್ರಾರಂಭಿಸಬಹುದು. ಒಂದಕ್ಕೆ ಮಾನವುಂಟು, ಇನ್ನೊಂದಕ್ಕೆ ಮಾನವೇ ಇಲ್ಲ. ಯಾವುದಕ್ಕೆ ಇಲ್ಲ, ಏಕೆ ಇಲ್ಲ ಎಂಬುದನ್ನು ಕಂಡುಕೊಂಡರೆ ಆ ಪದಗಳು ಮತ್ತೆಂದೂ ಬೆರೆಯಲಾರವು.